ಮೊಹಾಂಕ್: ಬೆಟ್ಟದ ಸರೋವರದ ಅತಿಥಿಮನೆ

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. 1869ರಲ್ಲಿ ಅಮೆರಿಕದ ಒಬ್ಬ ಶಾಲಾ ಮೇಷ್ಟರು ಆ ಬುದ್ಧಿಮಾತನ್ನು ಮೀರಿದರು. ನ್ಯೂಯಾರ್ಕ್ ರಾಜ್ಯದ ಗುಡ್ಡಸಾಲೊಂದರ ನೆತ್ತಿಯ ಮೇಲೆ ಒಂದು ಸರೋವರ, ಅದರ ಸುತ್ತ 280 ಎಕರೆ ಬಂಡೆ ಮತ್ತು ಕುರುಚಲು ಕಾಡು, ದಡದಲ್ಲಿ ಹತ್ತು ಕೋಣೆಗಳ ಒಂದು ಹೆಂಡದಂಗಡಿ. ಇಷ್ಟಕ್ಕೆ ಬೆಲೆ 28,000 ಡಾಲರ್. ಆಲ್ಬರ್ಟ್ ಕೀತ್ ಸ್ಮೈಲಿ ಅವರ ಉಳಿತಾಯ ಅದಕ್ಕೆ ಸಾಲುತ್ತಿರಲಿಲ್ಲ. ಸಾಲ ಮಾಡಿ ಕೊಂಡರು. ಆ ಸಾಲದ ಮೇಲೆ ಎದ್ದು ನಿಂತ ಮನೆಯೇ ಮೊಹಾಂಕ್ ಮೌಂಟನ್ ಹೌಸ್. ಇಂದಿಗೂ ಅದನ್ನು ನಡೆಸುತ್ತಿರುವುದು ಅದೇ ಸ್ಮೈಲಿ ಮನೆತನ.

ಜಾಗವನ್ನು ಮೊದಲು ಕಂಡವರು ಆಲ್ಬರ್ಟ್ ಅಲ್ಲ, ಅವರ ಅವಳಿ ಸೋದರ ಆಲ್ಫ್ರೆಡ್. ಇಬ್ಬರೂ 1828ರಲ್ಲಿ ಮೇನ್ ರಾಜ್ಯದ ವಾಸಲ್‌ಬರೋ ಎಂಬ ಊರಿನಲ್ಲಿ ಕ್ವೇಕರ್ ಮನೆತನದಲ್ಲಿ ಹುಟ್ಟಿದವರು. ಆಡಂಬರವಿಲ್ಲದ ಬದುಕು, ಮೌನದ ಪ್ರಾರ್ಥನೆ, ಯುದ್ಧಕ್ಕೂ ಮದ್ಯಕ್ಕೂ ದೂರ ಎನ್ನುವುದು ಆ ಪಂಥದ ನಡೆ. ಆಲ್ಬರ್ಟ್ ಪ್ರಾವಿಡೆನ್ಸ್ ನಗರದಲ್ಲಿ ಕ್ವೇಕರರ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದರು. ಆಲ್ಫ್ರೆಡ್ ಹಡ್ಸನ್ ನದಿಯ ದಡದ ಪಕೀಪ್ಸಿ ಬಳಿ ಬೇಸಾಯ ಮಾಡಿಕೊಂಡಿದ್ದರು. ಒಂದು ದಿನ ಮನೆಯವರೊಡನೆ ಬುತ್ತಿ ಕಟ್ಟಿಕೊಂಡು ಗುಡ್ಡ ಹತ್ತಿದ ಆಲ್ಫ್ರೆಡ್, ಮೇಲೆ ಕಂಡದ್ದನ್ನು ಅಣ್ಣತಮ್ಮಂದಿರ ಸಲಿಗೆಯಲ್ಲಿ ಆಲ್ಬರ್ಟರಿಗೆ ಬರೆದು ತಿಳಿಸಿದರು. ಆಲ್ಬರ್ಟ್ ಬಂದರು, ನೋಡಿದರು, ಸೋತರು.

ಸೋಲುವಂಥ ಜಾಗವೇ ಅದು. ಗುಡ್ಡಸಾಲಿನ ಹೆಸರನ್ನು ಬರೆಯುವುದು ಶಾವಾನ್‌ಗಂಕ್ ಎಂದು, ಸುತ್ತಲ ಊರವರ ಬಾಯಲ್ಲಿ ಅದು ಶಾನ್‌ಗಮ್. ಬೆಣಚು ಹರಳುಗಳು ಗಟ್ಟಿಯಾಗಿ ಬೆಸೆದ ಬಿಳಿಯ ಬಂಡೆ, ಎಷ್ಟು ಗಡಸೆಂದರೆ ಹಿಂದೆ ಇಲ್ಲಿಂದ ಬೀಸುವ ಕಲ್ಲುಗಳನ್ನು ಕಡಿದು ದೂರದೂರಿಗೆ ಮಾರುತ್ತಿದ್ದರು. ಆ ಬಂಡೆಯ ಸೀಳಿನಲ್ಲಿ, ಸಮುದ್ರಮಟ್ಟದಿಂದ ಸುಮಾರು 1,250 ಅಡಿ ಎತ್ತರದಲ್ಲಿ, ಅರ್ಧ ಮೈಲಿ ಉದ್ದಕ್ಕೆ ನೀರು ನಿಂತಿದೆ. ಆಳ ಸುಮಾರು 60 ಅಡಿ. ದಡ ಎಂದು ಕರೆಯಲು ಮರಳಿಲ್ಲ, ಕೆಸರಿಲ್ಲ. ನೆಟ್ಟಗೆ ನೀರಿಗೆ ಇಳಿದ ಬಂಡೆಗೋಡೆ, ಅದರ ಬುಡದಲ್ಲಿ ಮನೆಗಾತ್ರದ ಕಲ್ಲುಗಳು.

ಹೆಂಡದಂಗಡಿಯ ಒಡೆಯ ಜಾನ್ ಸ್ಟೋಕ್ಸ್ ಬಗ್ಗೆ ಒಂದು ಕಥೆ ಅಲ್ಲಿ ಇಂದಿಗೂ ಚಾಲ್ತಿಯಲ್ಲಿದೆ. ಕುಡಿದು ಗಲಾಟೆ ಮಾಡುವ ಗಿರಾಕಿಯನ್ನು ಆತ ಮರಕ್ಕೆ ಸರಪಳಿ ಹಾಕಿ ಕಟ್ಟಿ, ಅಮಲು ಇಳಿದ ಮೇಲೆ ಬಿಡುತ್ತಿದ್ದನಂತೆ. ಅದೇ ದಡದಲ್ಲಿ 1870ರ ಬೇಸಿಗೆಗೆ ಸ್ಮೈಲಿ ಸೋದರರು ತೆರೆದ ಅತಿಥಿಮನೆಯಲ್ಲಿ ಒಂದು ತೊಟ್ಟು ಮದ್ಯ ಸಿಗುತ್ತಿರಲಿಲ್ಲ. ಇಸ್ಪೀಟು ಇಲ್ಲ, ನೃತ್ಯವೂ ಇಲ್ಲ. ಬೆಳಗಿನ ತಿಂಡಿಯಾದ ಮೇಲೆ ಸ್ವಲ್ಪ ಹೊತ್ತು ಪ್ರಾರ್ಥನೆ. ಆಮೇಲೆ ನಡಿಗೆ, ದೋಣಿ, ಓದು, ಮಾತು. ಮೊದಲು ಇದ್ದದ್ದು ಸುಮಾರು 40 ಮಂದಿಗೆ ಸಾಲುವಷ್ಟು ಜಾಗ. ಆಗಿನ ಬೇಸಿಗೆಯ ಹೋಟೆಲುಗಳು ಕುಡಿತ, ಕುಣಿತಗಳನ್ನೇ ನೆಚ್ಚಿಕೊಂಡಿದ್ದಾಗ ಈ ಮನೆ ನಡಿಗೆಯನ್ನೂ ಮೌನವನ್ನೂ ಮುಂದಿಟ್ಟಿತು. ಜನ ಬಂದರು, ಮತ್ತೆ ಮತ್ತೆ ಬಂದರು.

ಮೊದಲ ಹತ್ತು ವರ್ಷ ಮನೆಯ ಹೊಣೆ ಹೊತ್ತವರು ಆಲ್ಫ್ರೆಡ್. ಆಲ್ಬರ್ಟ್ ಶಾಲೆ ಬಿಟ್ಟು ಪೂರ್ತಿ ಇಲ್ಲಿಗೇ ಬಂದದ್ದು 1879ರಲ್ಲಿ. ಆ ವರ್ಷವೇ ಆಲ್ಫ್ರೆಡ್ ಕೆಲವೇ ಮೈಲಿ ಆಚೆ, ಅದೇ ಗುಡ್ಡಸಾಲಿನ ಇನ್ನೊಂದು ಸರೋವರವಾದ ಮಿನ್ನೆವಾಸ್ಕದ ದಂಡೆಯಲ್ಲಿ ಕ್ಲಿಫ್ ಹೌಸ್ ಎಂಬ ತಮ್ಮದೇ ಹೋಟೆಲು ತೆರೆದರು, 1887ರಲ್ಲಿ ವೈಲ್ಡ್‌ಮಿಯರ್ ಎಂಬ ಮತ್ತೊಂದನ್ನು. ಇತ್ತ 1881ರಲ್ಲಿ ಮಲಸೋದರ ಡೇನಿಯಲ್ ಮೊಹಾಂಕಿಗೆ ಬಂದು ಸೇರಿಕೊಂಡರು. ವಯಸ್ಸಿನಲ್ಲಿ ಅಣ್ಣಂದಿರಿಗಿಂತ 27 ವರ್ಷ ಚಿಕ್ಕವರು. ಮುಂದೆ ಈ ಮನೆಯ ಬೆನ್ನೆಲುಬಾದವರು ಇವರೇ.

ಮನೆ ಕಟ್ಟಿ ನೋಡು ಎಂಬ ಗಾದೆ ಮೊಹಾಂಕಿಗೆ ಒಪ್ಪುವಷ್ಟು ಇನ್ನಾವ ಮನೆಗೂ ಒಪ್ಪಲಿಕ್ಕಿಲ್ಲ. ಕಟ್ಟುವ ಕೆಲಸ 1879ರಿಂದ 1910ರವರೆಗೆ ನಡೆಯಿತು. ನೆಪೋಲಿಯನ್ ಲೆಬ್ರುನ್, ಜೇಮ್ಸ್ ವೇರ್ ಎಂಬ ವಾಸ್ತುಶಿಲ್ಪಿಗಳು ಬೇರೆಬೇರೆ ಭಾಗಗಳಿಗೆ ನಕ್ಷೆ ಕೊಟ್ಟರು. ಕೈಗೆ ಹಣ ಬಂದಂತೆ ಒಂದೊಂದು ಅಂಕಣ ಬೆಳೆಯಿತು. ಹಾಗಾಗಿ ಸರೋವರದ ಆಚೆ ದಡದಿಂದ ನೋಡಿದರೆ ಒಂದು ಕಟ್ಟಡ ಕಾಣುವುದಿಲ್ಲ, ಕೈಕೈ ಹಿಡಿದು ನಿಂತ ಏಳೆಂಟು ಕಟ್ಟಡಗಳು ಕಾಣುತ್ತವೆ. ಒಂದೆಡೆ ಮರದ ಹಲಗೆಯ ಗೋಡೆ, ಪಕ್ಕದಲ್ಲಿ ದಪ್ಪ ಕಲ್ಲಿನ ಗೋಪುರ, ಮೇಲೆ ಕೆಂಪು ಹೆಂಚಿನ ಚೂಪು ಮಾಡು, ಸಾಲುಸಾಲು ಮರದ ಜಗಲಿಗಳು. ಏಳು ಅಂತಸ್ತು, 250ಕ್ಕೂ ಹೆಚ್ಚು ಕೋಣೆ. ಚೆಂದವನ್ನು ಅಳೆಯುವ ಯಾವ ಪಠ್ಯಪುಸ್ತಕದ ಲೆಕ್ಕಕ್ಕೂ ಇದು ಸಿಗುವುದಿಲ್ಲ. ಆದರೆ ನಮ್ಮ ಹಳೆಯ ತೊಟ್ಟಿಮನೆಗಳು ಮಕ್ಕಳು ಮೊಮ್ಮಕ್ಕಳು ಹೆಚ್ಚಿದಂತೆ ಹಿಂದಕ್ಕೂ ಪಕ್ಕಕ್ಕೂ ಬೆಳೆದದ್ದನ್ನು ಕಂಡವರಿಗೆ ಇದರ ಚೆಂದ ತಟ್ಟನೆ ಅರ್ಥವಾಗುತ್ತದೆ. 1986ರಲ್ಲಿ ಅಮೆರಿಕ ಸರ್ಕಾರ ಇದನ್ನು ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತು ಎಂದು ಘೋಷಿಸಿತು.

ಕಟ್ಟಡಕ್ಕಿಂತ ಹತ್ತಿರದಿಂದ ನೋಡಬೇಕಾದದ್ದು ಕಾಲುದಾರಿಗಳ ಉದ್ದಕ್ಕೂ ಇರುವ ಪುಟ್ಟ ಚಾವಡಿಗಳನ್ನು. ಎಲ್ಲ ಸೇರಿ ನೂರಕ್ಕೂ ಮೇಲಿವೆ. ಒಂದಾದರೂ ಇನ್ನೊಂದರಂತಿಲ್ಲ. ತೊಗಟೆ ಸುಲಿಯದ ಸೊಟ್ಟಪಟ್ಟ ಕೊಂಬೆಗಳನ್ನು ಅವು ಬೆಳೆದ ಬಾಗಿನಲ್ಲೇ ಜೋಡಿಸಿ ಕಂಬ ಮಾಡಿದ್ದಾರೆ. ಕವಲೊಡೆದ ಕೊಂಬೆಯೇ ಮಾಡಿಗೆ ಆಸರೆ. ಒಳಗೆ ಇಬ್ಬರು ಮೂವರು ಕೂರುವಷ್ಟು ಮರದ ಹಲಗೆ, ಮುಂದೆ ನೀರು. ಕೆಲವು ಬಂಡೆಯ ತುದಿಯಲ್ಲಿ ಗೂಡು ಕಟ್ಟಿದಂತೆ ಕೂತಿವೆ, ಸಣ್ಣ ಕಾಲುಸೇತುವೆ ದಾಟಿ ಹೋಗಬೇಕು. ಮಳೆ, ಹಿಮ, ಗಾಳಿಗೆ ಸಿಕ್ಕಿ ಮರ ಲಡ್ಡಾಗುತ್ತಲೇ ಇರುತ್ತದೆ. ಮನೆಯ ಬಡಗಿಗಳು ಅವನ್ನು ಕಳಚಿ ಮತ್ತೆ ಕಟ್ಟುತ್ತಲೇ ಇರುತ್ತಾರೆ. ನಡೆದು ದಣಿದವನು ಕೂತು ಸುಧಾರಿಸಿಕೊಳ್ಳಲಿ ಎಂಬ ಒಂದೇ ಉದ್ದೇಶಕ್ಕೆ ಇಷ್ಟು ದುಡಿಮೆ. ದಾರಿಬದಿಯಲ್ಲಿ ಹೊರೆಗಲ್ಲು ನೆಡುತ್ತಿದ್ದ, ಅರವಟ್ಟಿಗೆ ಇಡುತ್ತಿದ್ದ ನಾಡಿನವರಿಗೆ ಈ ಮನಸ್ಸನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸರೋವರದ ಮೇಲಿನ ಸ್ಕೈ ಟಾಪ್ ಶಿಖರದಲ್ಲಿ ಹಿಂದೆ ಮರದ ಗೋಪುರಗಳಿದ್ದವು. ಆಲ್ಬರ್ಟ್ 1912ರಲ್ಲಿ ತೀರಿಕೊಂಡ ಮೇಲೆ, ಅವರ ನೆನಪಿಗೆ 1921ರಿಂದ 1923ರವರೆಗೆ ಅಲ್ಲಿ ಕಲ್ಲಿನ ಗೋಪುರ ಎದ್ದಿತು. ಬೇಕಾದ ಕಲ್ಲನ್ನು ಪಕ್ಕದಲ್ಲೇ ಒಡೆದರು. ಕಲ್ಲು ತೆಗೆದ ಗುಂಡಿ ಹಾಗೇ ಉಳಿಯಲಿಲ್ಲ, ಅದರಲ್ಲಿ ನೀರು ತುಂಬಿಸಿ ಬೆಂಕಿ ಆರಿಸುವ ಜಲಾಶಯ ಮಾಡಿಕೊಂಡರು. ಮರದ ಮನೆಗೆ ಬೆಂಕಿಯೇ ದೊಡ್ಡ ಶತ್ರು ಎಂಬುದನ್ನು ಅವರು ಒಂದು ದಿನವೂ ಮರೆತವರಲ್ಲ. ಗೋಪುರದ ತುದಿಯಿಂದ ತಿಳಿಯಾದ ದಿನ ಆರು ರಾಜ್ಯಗಳ ನೆಲ ಕಾಣುತ್ತದೆ ಎನ್ನುತ್ತಾರೆ. ಆದರೆ ಕೆಳಗಿನ ಆ ಜಲಾಶಯವನ್ನೂ ನೋಡಬೇಕು.

ಈ ಮನೆಯ ಹೆಸರು ಇತಿಹಾಸದ ಪುಸ್ತಕಗಳಿಗೆ ಸೇರಿದ್ದು ಮಾತ್ರ ಕಟ್ಟಡದಿಂದಲ್ಲ, ಅಲ್ಲಿ ನಡೆದ ಸಭೆಗಳಿಂದ. ಅಧ್ಯಕ್ಷ ರದರ್‌ಫರ್ಡ್ ಹೇಯ್ಸ್ 1879ರಲ್ಲಿ ಆಲ್ಬರ್ಟ್ ಸ್ಮೈಲಿ ಅವರನ್ನು ಮೂಲನಿವಾಸಿಗಳ ವ್ಯವಹಾರ ನೋಡುವ ಸರ್ಕಾರಿ ಮಂಡಳಿಗೆ ನೇಮಿಸಿದರು. ಆ ಮಂಡಳಿಯ ಮಾತುಕತೆಗೆ ಸಮಯ ಸಾಲದೆಂದು ಕಂಡ ಆಲ್ಬರ್ಟ್, 1883ರಿಂದ ಪ್ರತಿ ಶರತ್ಕಾಲ ಅಧಿಕಾರಿಗಳು, ಪಾದ್ರಿಗಳು, ಸಂಪಾದಕರು, ಸೆನೆಟರ್‌ಗಳನ್ನು ತಮ್ಮ ಖರ್ಚಿನಲ್ಲೇ ಕರೆಸಿ, ಉಣ್ಣಿಸಿ, ಕೂರಿಸಿ ಮಾತಾಡಿಸಿದರು. ಹಗಲು ಗುಡ್ಡದ ಮೇಲೆ ಸುತ್ತಾಟ, ಬೆಳಿಗ್ಗೆ ಮತ್ತು ಸಂಜೆ ಚರ್ಚೆ. ಮೂಲನಿವಾಸಿಗಳ ಮಿತ್ರರ ಸಮ್ಮೇಳನ ಎಂದು ಅದಕ್ಕೆ ಹೆಸರು. 1916ರವರೆಗೆ ನಡೆಯಿತು.

ಇಂಥ ಲೇಖನ ಹೊಗಳಿಕೆಗೆ ಮೀಸಲು ಎಂಬ ರೂಢಿ ಇದೆ. ಇಲ್ಲಿ ಆ ರೂಢಿಯನ್ನು ಬಿಡಲೇಬೇಕು. ಆ ಸಭೆಗಳಿಗೆ ಬಂದವರ ಮನಸ್ಸು ಒಳ್ಳೆಯದೇ ಇತ್ತು. ಆದರೆ ಯಾರ ಹಣೆಬರಹವನ್ನು ಅಲ್ಲಿ ಬರೆಯಲಾಗುತ್ತಿತ್ತೋ ಅವರ ದನಿ ಅಲ್ಲಿ ಬಹಳ ವಿರಳವಾಗಿ ಕೇಳುತ್ತಿತ್ತು. ಬುಡಕಟ್ಟಿನ ಒಟ್ಟು ಭೂಮಿಯನ್ನು ಒಡೆದು ಕುಟುಂಬದ ಯಜಮಾನನಿಗೆ 160 ಎಕರೆಯಂತೆ ಹಂಚಬೇಕು, ಮಕ್ಕಳನ್ನು ವಸತಿಶಾಲೆಗೆ ಸೇರಿಸಿ ಬಿಳಿಯರ ನಡೆನುಡಿ ಕಲಿಸಬೇಕು ಎಂಬ ವಾದಗಳಿಗೆ ಈ ಸಮ್ಮೇಳನ ಬಲ ತುಂಬಿತು. ಇಲ್ಲಿಗೆ ಬರುತ್ತಿದ್ದ ಸೆನೆಟರ್ ಹೆನ್ರಿ ಡಾಸ್ ಅವರ ಹೆಸರಿನ ಕಾಯ್ದೆ 1887ರಲ್ಲಿ ಜಾರಿಗೆ ಬಂತು. ಆಗ ಮೂಲನಿವಾಸಿಗಳ ಕೈಯಲ್ಲಿ ಸುಮಾರು 13.8 ಕೋಟಿ ಎಕರೆ ನೆಲವಿತ್ತು. ಹಂಚಿಕೆ ನಿಂತ 1934ರ ಹೊತ್ತಿಗೆ ಉಳಿದದ್ದು 4.8 ಕೋಟಿ ಎಕರೆ. ಕರಿಯರ ಪ್ರಶ್ನೆಯ ಬಗ್ಗೆ 1890 ಮತ್ತು 1891ರಲ್ಲಿ ಇಲ್ಲಿ ಎರಡು ಸಮ್ಮೇಳನಗಳು ನಡೆದವು, ಅವುಗಳಿಗೆ ಕರಿಯರನ್ನೇ ಕರೆಯಲಿಲ್ಲ. ಮೊಹಾಂಕ್ ಎಂಬ ಹೆಸರು ಕೂಡ ಈ ನೆಲದ ಮೂಲದವರದು. 1677ರಲ್ಲಿ ಎಸೋಪಸ್ ಜನರು ಫ್ರೆಂಚ್ ಪ್ರೊಟೆಸ್ಟೆಂಟರಾದ ಹ್ಯೂಗೆನೊ ಕುಟುಂಬಗಳಿಗೆ ಜಾಗ ಬಿಟ್ಟುಕೊಟ್ಟ ಕರಾರುಪತ್ರದಲ್ಲಿ ಗಡಿಯ ಗುರುತಾಗಿ ಅದು ಬರುತ್ತದೆ. ಹೆಸರನ್ನು ಉಳಿಸಿಕೊಂಡ ಮನೆ, ಹೆಸರಿಟ್ಟವರ ಮಾತು ಕೇಳಿಸಿಕೊಳ್ಳಲಿಲ್ಲ. ಇದು ತಪ್ಪು, ಸಣ್ಣ ತಪ್ಪೂ ಅಲ್ಲ.

ಇನ್ನೊಂದು ಸಮ್ಮೇಳನದ ಲೆಕ್ಕ ಬೇರೆ. ದೇಶದೇಶಗಳ ನಡುವಿನ ಜಗಳವನ್ನು ತೋಪಿನಿಂದಲ್ಲ, ಪಂಚಾಯಿತಿಯಿಂದ ತೀರಿಸಬೇಕು ಎಂಬ ವಿಚಾರಕ್ಕೆ 1895ರ ಜೂನಿನಲ್ಲಿ ಸುಮಾರು 50 ಮಂದಿ ಇಲ್ಲಿ ಸೇರಿದರು. ರಾಷ್ಟ್ರಗಳಿಗೆಲ್ಲ ಒಂದು ಕಾಯಂ ನ್ಯಾಯಪೀಠ ಬೇಕು ಎಂದು ಪಾದ್ರಿ ಎಡ್ವರ್ಡ್ ಎವರೆಟ್ ಹೇಲ್ ಆ ಮೊದಲ ಸಭೆಯಲ್ಲೇ ಗಟ್ಟಿಯಾಗಿ ಹೇಳಿದರು. ಆಗ ಅದು ಕನಸಿನ ಮಾತಾಗಿ ಕೇಳಿಸಿದ್ದರೆ ಆಶ್ಚರ್ಯವಿಲ್ಲ. ನಾಲ್ಕೇ ವರ್ಷದಲ್ಲಿ, 1899ರ ಹೇಗ್ ಸಮ್ಮೇಳನದಲ್ಲಿ, ಕಾಯಂ ಪಂಚಾಯ್ತಿ ನ್ಯಾಯಾಲಯಕ್ಕೆ ರಾಷ್ಟ್ರಗಳು ಒಪ್ಪಿದವು. ಮೊಹಾಂಕಿನಿಂದಲೇ ಅದು ಆಯಿತು ಎಂದರೆ ಉತ್ಪ್ರೇಕ್ಷೆ. ಆ ಮಾತನ್ನು ವರ್ಷ ವರ್ಷವೂ ಬಿಡದೆ ಆಡಿದ ಜಾಗಗಳಲ್ಲಿ ಇದೊಂದು ಎನ್ನುವುದು ನಿಜ. ಅಮೆರಿಕದ ಅಂತರರಾಷ್ಟ್ರೀಯ ಕಾನೂನು ಸಂಘದ ಹುಟ್ಟಿಗೆ 1905ರ ಮೊಹಾಂಕ್ ಸಭೆಯೇ ಮೂಲ. ಉಕ್ಕಿನ ದೊರೆ ಆಂಡ್ರೂ ಕಾರ್ನೆಗಿ ಈ ಮನೆಯ ಅತಿಥಿಯಾಗಿದ್ದವರು. ಹೇಗ್ ನಗರದಲ್ಲಿ 1913ರಲ್ಲಿ ತೆರೆದ ಶಾಂತಿ ಅರಮನೆಗೆ ಹಣ ಕೊಟ್ಟವರೂ ಅವರೇ.

ಸಮ್ಮೇಳನ 1916ರವರೆಗೆ ನಡೆಯಿತು. 1917ರ ಏಪ್ರಿಲಿನಲ್ಲಿ ಅಮೆರಿಕ ಮಹಾಯುದ್ಧಕ್ಕೆ ಇಳಿಯಿತು. ಅಲ್ಲಿಗೆ ಸಭೆಗಳು ನಿಂತವು, ಮತ್ತೆ ಶುರುವಾಗಲಿಲ್ಲ.

ಅತಿಥಿಗಳಿಗೂ ಮನೆಯವರಿಗೂ ಇದ್ದ ನಂಟಿನ ಒಂದು ಕುರುಹು ಕೆಳಗೆ ನ್ಯೂ ಪಾಲ್ಟ್ಸ್ ಊರಿನ ಹಾದಿಯಲ್ಲಿ ನಿಂತಿದೆ. ಆಲ್ಬರ್ಟ್ ಮತ್ತು ಎಲೈಜಾ ದಂಪತಿಯ ಮದುವೆಗೆ 1907ರಲ್ಲಿ 50 ವರ್ಷ ತುಂಬಿದಾಗ ಸುಮಾರು 1,200 ಅತಿಥಿಗಳು ಸೇರಿ ಹಣ ಹಾಕಿ ಕಟ್ಟಿಸಿದ ಕಲ್ಲಿನ ಹೆಬ್ಬಾಗಿಲು ಅದು. ಉಂಡು ದುಡ್ಡು ಕೊಟ್ಟು ಹೋದ ಗಿರಾಕಿಗಳು ಹೋಟೆಲಿನ ಯಜಮಾನರಿಗೆ ಬಾಗಿಲು ಕಟ್ಟಿಸಿಕೊಟ್ಟ ನಿದರ್ಶನ ಬೇರೆಲ್ಲೂ ಸುಲಭವಾಗಿ ಸಿಗದು.

ಇಷ್ಟೆಲ್ಲದರ ನಡುವೆ, ಯಾರ ಗಮನಕ್ಕೂ ಬೀಳದೆ ಒಂದು ಕೆಲಸ ನಡೆಯುತ್ತಾ ಬಂದಿದೆ. ಮೊಹಾಂಕಿನ ಹಿರಿಮೆ ಯಾವುದರಲ್ಲಿದೆ ಎಂದು ಕೇಳಿದರೆ ಈ ಬರಹದ ಉತ್ತರ ಅದೇ. 1896ರ ಜನವರಿ 1ರಂದು ಡೇನಿಯಲ್ ಸ್ಮೈಲಿ ಸರೋವರದ ಪಕ್ಕದಲ್ಲಿ ಸರ್ಕಾರದ ಹವಾಮಾನ ಇಲಾಖೆಗಾಗಿ ಉಷ್ಣತೆ, ಮಳೆ ಅಳೆಯಲು ಶುರುಮಾಡಿದರು. ಆ ದಿನ ಬರೆದದ್ದು ಒಂದು ಸಾಲು. ಮರುದಿನ ಇನ್ನೊಂದು. ಅದೇ ಜಾಗ, ಅದೇ ಕ್ರಮ. ದಿನದ ಗರಿಷ್ಠ, ಕನಿಷ್ಠ ಉಷ್ಣತೆ, ಹಿತ್ತಾಳೆಯ ಮಳೆಮಾಪಕದಲ್ಲಿ ನಿಂತ ನೀರು, ಹಿಮ ಬಿದ್ದರೆ ಅದರ ಎತ್ತರ. ಎರಡು ಮಹಾಯುದ್ಧಗಳು ಬಂದು ಹೋದವು, 1929ರ ಆರ್ಥಿಕ ಕುಸಿತ ಬಂತು, ಮನೆಯ ಯಜಮಾನರು ತೀರಿಕೊಂಡರು, ಪುಸ್ತಕದಲ್ಲಿ ಮಾತ್ರ ದಿನ ತಪ್ಪಲಿಲ್ಲ. ನೂರು ವರ್ಷಕ್ಕೂ ಮೇಲ್ಪಟ್ಟ ಈ ದಾಖಲೆಯನ್ನು ಬರೆದವರ ಸಂಖ್ಯೆ ಬೆರಳೆಣಿಕೆಯಷ್ಟು. ಒಬ್ಬೊಬ್ಬರೂ ದಶಕಗಟ್ಟಲೆ ಬರೆದಿದ್ದಾರೆ.

ಡೇನಿಯಲ್ ಅವರ ಮೊಮ್ಮಗನ ಹೆಸರೂ ಡೇನಿಯಲ್ಲೇ, 1907ರಲ್ಲಿ ಹುಟ್ಟಿ 1989ರವರೆಗೆ ಬದುಕಿದ್ದವರು. ಅವರಿಗೆ ಮಳೆ, ಬಿಸಿಲು ಸಾಲಲಿಲ್ಲ. ವಸಂತದ ಮೊದಲ ಕಪ್ಪೆ ಕೂಗಿದ್ದು ಯಾವ ದಿನ, ಯಾವ ಹಕ್ಕಿ ಎಂದು ಮರಳಿತು, ಯಾವ ಹೂ ಮೊದಲು ಬಿರಿಯಿತು, ಸರೋವರದ ಮಂಜುಗಡ್ಡೆ ಎಂದು ಕರಗಿತು ಎಂಬುದನ್ನೆಲ್ಲ ಅಂಗೈಯಗಲದ ರಟ್ಟಿನ ಚೀಟಿಗಳಲ್ಲಿ ಬರೆದು ಪೆಟ್ಟಿಗೆಗಳಲ್ಲಿ ಸಾಲಾಗಿ ಇಟ್ಟರು. ಚೀಟಿಗಳು ಸಾವಿರಾರು. ಸರೋವರದ ನೀರಿನ ಆಮ್ಲೀಯತೆಯನ್ನು 1930ರ ದಶಕದಲ್ಲೇ ಅಳೆಯತೊಡಗಿದ್ದರು. ಆಮ್ಲಮಳೆ ಎಂಬ ಮಾತು ಜನರ ಬಾಯಿಗೆ ಬರುವುದಕ್ಕೆ ದಶಕಗಳ ಮುಂಚೆ. ಈ ಗುಡ್ಡಸಾಲಿನ ನೆತ್ತಿಯ ಐದು ಸರೋವರಗಳ ಪೈಕಿ ಉಳಿದವುಗಳ ನೀರು ಹುಳಿಯಾಗುವ ಕಡೆಗೆ ವಾಲಿದರೂ ಮೊಹಾಂಕಿನ ನೀರು ತಡೆದುಕೊಂಡಿತು, ಏಕೆಂದರೆ ಅದರ ತಳದಲ್ಲಿ ಬೆಣಚುಬಂಡೆಯ ಅಡಿಯ ಜೇಡಿಪದರಗಲ್ಲು ಹೊರಬಿದ್ದು ಹುಳಿಯನ್ನು ಹೀರಿಕೊಳ್ಳುತ್ತದೆ.

ವಾತಾವರಣ ಬಿಸಿಯಾಗುತ್ತಿದೆಯೇ ಎಂದು ಜಗತ್ತು ವಾದಿಸುತ್ತಿದ್ದಾಗ ವಿಜ್ಞಾನಿಗಳು ಈ ಪುಸ್ತಕಗಳನ್ನು ಹುಡುಕಿಕೊಂಡು ಬಂದರು. ಊರು ಬೆಳೆದು, ಕಾಂಕ್ರೀಟು ತುಂಬಿ, ಅಳೆಯುವ ಜಾಗವೇ ಬದಲಾದ ಎಷ್ಟೋ ಕೇಂದ್ರಗಳ ಅಂಕಿಗಳನ್ನು ನಂಬುವುದು ಕಷ್ಟ. ಮೊಹಾಂಕಿನಲ್ಲಿ ಸುತ್ತಲಿನ ಕಾಡು ಹಾಗೇ ಇದೆ, ಜಾಗ ಕದಲಿಲ್ಲ. ಮೊದಲ 112 ವರ್ಷಗಳಲ್ಲಿ ಇಲ್ಲಿನ ವಾರ್ಷಿಕ ಸರಾಸರಿ ಉಷ್ಣತೆ 2.7 ಡಿಗ್ರಿ ಫ್ಯಾರನ್‌ಹೀಟ್ ಏರಿದೆ, ಅಂದರೆ ಒಂದೂವರೆ ಡಿಗ್ರಿ ಸೆಲ್ಸಿಯಸ್. ಗಿಡಮರ ಬೆಳೆಯುವ ಕಾಲ ಹತ್ತು ದಿನ ಹಿಗ್ಗಿದೆ. ಒಂದು ಅತಿಥಿಮನೆಯ ದಿನಚರಿ ಭೂಮಿಯ ಜ್ವರ ತೋರಿಸುವ ಪಟ್ಟಿಯಾಯಿತು.

ಕಾಡು ಹಾಗೇ ಉಳಿದದ್ದು ಅದೃಷ್ಟದಿಂದಲ್ಲ. ಅಕ್ಕಪಕ್ಕದ ಜಮೀನುಗಳನ್ನು ಸ್ಮೈಲಿಗಳು ಒಂದೊಂದಾಗಿ ಕೊಳ್ಳುತ್ತಾ ಸಾವಿರಾರು ಎಕರೆಗೆ ಬೆಳೆಸಿದ್ದರು. ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಅಷ್ಟು ಭೂಮಿಯನ್ನು ಹೋಟೆಲಿನ ಆದಾಯದಲ್ಲಿ ಕಾಯುವುದು ಕಷ್ಟವಾದಾಗ, ತುಂಡು ಮಾಡಿ ಮಾರುವ ಸುಲಭದ ದಾರಿ ಎದುರಿಗೇ ಇತ್ತು. 1963ರಲ್ಲಿ ಅವರು ಮೊಹಾಂಕ್ ಟ್ರಸ್ಟ್ ಸ್ಥಾಪಿಸಿ ಭೂಮಿಯ ಬಹುಪಾಲನ್ನು ಅದಕ್ಕೆ ವಹಿಸುತ್ತಾ ಬಂದರು. ಅದೇ ಇಂದಿನ ಮೊಹಾಂಕ್ ಪ್ರಿಸರ್ವ್. ಸುಮಾರು 8,000 ಎಕರೆ ಅದರ ಕೈಯಲ್ಲಿದೆ, ನಡೆಯುವವರಿಗೂ ಬಂಡೆ ಏರುವವರಿಗೂ ತೆರೆದಿದೆ, ಹವಾಮಾನದ ಪುಸ್ತಕವನ್ನೂ ಅದೇ ಮುಂದುವರಿಸಿದೆ.

ಈ ಮನೆ, ಈ ನೆಲ ಉಳಿಯದೆ ಹೋಗಿದ್ದರೆ ಏನಾಗುತ್ತಿತ್ತು ಎನ್ನುವುದಕ್ಕೆ ಪಕ್ಕದ ಮಿನ್ನೆವಾಸ್ಕವೇ ಸಾಕ್ಷಿ. ಆಲ್ಫ್ರೆಡ್ ಕಟ್ಟಿದ ಎರಡು ಹೋಟೆಲುಗಳೂ ಮನೆತನದ ಕೈತಪ್ಪಿ, ಖಾಲಿಬಿದ್ದು, ಸುಟ್ಟುಹೋದವು. ಕ್ಲಿಫ್ ಹೌಸ್ 1978ರಲ್ಲಿ, ವೈಲ್ಡ್‌ಮಿಯರ್ 1986ರಲ್ಲಿ. ಅಲ್ಲಿ ಹೊಸ ಭಾರಿ ಹೋಟೆಲು ಎಬ್ಬಿಸುವ ಯೋಜನೆಯ ವಿರುದ್ಧ ಸ್ಥಳೀಯರು ವರ್ಷಗಟ್ಟಲೆ ಹೋರಾಡಿದರು. ಕೊನೆಗೆ ರಾಜ್ಯ ಸರ್ಕಾರವೇ ಜಾಗ ಕೊಂಡು ಉದ್ಯಾನ ಮಾಡಿತು. ಒಂದೇ ಬಸಿರಲ್ಲಿ ಹುಟ್ಟಿದ ಅವಳಿಗಳು ಕಟ್ಟಿದ ಮನೆಗಳಲ್ಲಿ ಒಂದು ದಡದಲ್ಲಿ ದೀಪ ಉರಿಯುತ್ತಿದೆ, ಇನ್ನೊಂದು ದಡದಲ್ಲಿ ಬರೀ ಬಂಡೆ.

ಇಂದು ಇಲ್ಲಿ ಉಳಿಯುವುದು ಅಗ್ಗದ ಮಾತಲ್ಲ. ಮೊದಲಿನ ಕಟ್ಟುಪಾಡುಗಳೂ ಸಡಿಲಗೊಂಡಿವೆ. ಊಟದ ಜೊತೆ ಮದ್ಯ ಸಿಗುತ್ತದೆ, 2005ರಲ್ಲಿ ಸ್ಪಾ ಬಂದಿದೆ. ಆದರೂ ಮಧ್ಯಾಹ್ನ ನಾಲ್ಕಕ್ಕೆ ಚಹಾ, ಬಿಸ್ಕತ್ತು ಬರುವುದು ತಪ್ಪಿಲ್ಲ. ಕಪ್ಪು ಹಿಡಿದು ಸರೋವರದ ಮೇಲಿನ ಜಗಲಿಗೆ ಬಂದರೆ ತೂಗುಕುರ್ಚಿಗಳ ಸಾಲು, ಎದುರಿಗೆ ಬಿಳಿ ಬಂಡೆ, ಅದರ ತಲೆಯ ಮೇಲೆ ಗೋಪುರ, ಎರಡೂ ತಲೆಕೆಳಗಾಗಿ ನೀರಿನಲ್ಲಿ. ನ್ಯೂಯಾರ್ಕ್ ನಗರದಿಂದ ಸುಮಾರು 90 ಮೈಲಿ ದೂರ ಅಷ್ಟೆ. ನ್ಯೂಜೆರ್ಸಿ, ನ್ಯೂಯಾರ್ಕ್ ಕಡೆಯ ಕನ್ನಡಿಗರು ಅಕ್ಟೋಬರಿನಲ್ಲಿ ಎಲೆ ಕೆಂಪಾಗುವುದನ್ನು ನೋಡಲು ಹಡ್ಸನ್ ಕಣಿವೆಗೆ ಹೋಗುವುದುಂಟು. ಹೋಗುವವರು ಗೋಪುರ ಹತ್ತಿ ಇಳಿದ ಮೇಲೆ ಆ ಹಿತ್ತಾಳೆಯ ಮಳೆಮಾಪಕದ ಬಗ್ಗೆಯೂ ಒಂದು ಮಾತು ಕೇಳಿ ಬನ್ನಿ.

ಮಳೆಯ ಲೆಕ್ಕದ ಪುಸ್ತಕ ನಮಗೆ ಹೊಸದಲ್ಲ. ಕೊಡಗು, ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ತೋಟಗಳಲ್ಲಿ ಬೆಳಿಗ್ಗೆ ಎದ್ದು ಮಳೆಮಾಪಕದ ನೀರು ಅಳೆದು ಇಷ್ಟು ಇಂಚು, ಇಷ್ಟು ಸೆಂಟು ಎಂದು ಬರೆದಿಡುವ ರೂಢಿ ತಲೆಮಾರುಗಳದು. ಕಾಫಿ ಹೂ ಬಿಡಿಸುವ ಹೂಮಳೆ ಎಂದು ಬಂತು, ಅದರ ಬೆನ್ನಿಗೆ ಬರಬೇಕಾದ ಬ್ಯಾಕಿಂಗ್ ಮಳೆ ಎಷ್ಟು ದಿನ ತಡವಾಯಿತು ಎಂಬುದೆಲ್ಲ ಅವುಗಳಲ್ಲಿದೆ. ತೋಟ ಪಾಲಾದಾಗ, ಮಾರಾಟವಾದಾಗ, ಹಳೆಯ ಮನೆ ಕೆಡವಿ ಹೋಂಸ್ಟೇ ಕಟ್ಟಿದಾಗ ಮೊದಲು ರದ್ದಿಗೆ ಬೀಳುವುದು ಅವೇ. ಅಂಥ ಪುಸ್ತಕ ನಿಮ್ಮ ಅಟ್ಟದ ಮೇಲಿದ್ದರೆ ದಯವಿಟ್ಟು ಕೆಳಗಿಳಿಸಿ, ಧೂಳು ಕೊಡವಿ, ಒಂದು ಪ್ರತಿ ಮಾಡಿಸಿ ಇಡಿ. ಬರೆಯುವುದು ನಿಂತಿದ್ದರೆ ನಾಳೆ ಬೆಳಿಗ್ಗೆಯಿಂದ ಮತ್ತೆ ಶುರುಮಾಡಿ.